ಅಟ್ಟದ ಮೇಲಿನ ತುಪಾಕಿ: ಇಟ್ಟುಕೊಳ್ಳೋದಾ, ಒಪ್ಪಿಸೋದಾ?

ದೊಡ್ಡಪ್ಪನ ತಿಥಿ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಮನೆಯವರು ಜಗಲಿ ಮೇಲೆ ಕೂತು ಪಾಲಿನ ಮಾತು ಎತ್ತಿದರು. ಹಿಪ್ಪುನೇರಳೆ ತೋಟ ಯಾರಿಗೆ, ಬೋರ್‌ವೆಲ್ ನೀರು ಯಾರಿಗೆ ಎಷ್ಟು ದಿನ, ಶಿಡ್ಲಘಟ್ಟದ ಸೈಟು ಯಾರ ಹೆಸರಿಗೆ, ಎಲ್ಲ ಬಂತು. ಕಾಫಿ ಲೋಟ ಎತ್ತಲು ಬಂದ ದೊಡ್ಡಮ್ಮ, "ಎಲ್ಲಾ ಸರಿ ಕಣ್ರಪ್ಪಾ, ಆ ತುಪಾಕಿ ಏನ್ಮಾಡ್ತೀರಿ?" ಅಂದರು. ಯಾರೂ ಮಾತಾಡಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ವಸ್ತು, ಆದರೆ ಯಾರ ಲೆಕ್ಕದಲ್ಲೂ ಇರಲಿಲ್ಲ.

ಹುಳು ಸಾಕುವ ಮನೆಯ ಅಟ್ಟದಲ್ಲಿ, ಮುರಿದ ಚಂದ್ರಿಕೆಗಳ ಹಿಂದೆ, ಹಳೇ ಪಂಚೆ ಸುತ್ತಿ ಇಟ್ಟಿದ್ದರು. ಇಳಿಸಿದಾಗ ಸಿಕ್ಕಿದ್ದು ಒಂದಲ್ಲ, ಎರಡು. ಒಂದು ದೊಡ್ಡಪ್ಪನದೇ ಜೋಡಿ ನಳಿಗೆಯ 12 ಬೋರ್ ಬಂದೂಕು. ಇನ್ನೊಂದು ಅವರಪ್ಪನ ಕಾಲದ್ದು, ಬಾಯಿಂದ ಮದ್ದು ಸುರಿದು ಕಡ್ಡಿಯಲ್ಲಿ ಜಡಿಯುವ ಕೇಪಿನ ತುಪಾಕಿ. ಜೊತೆಗೆ ರಟ್ಟು ಸುಲಿದ ಲೈಸೆನ್ಸ್ ಪುಸ್ತಕ. ಅದರ ಮೊದಲ ಪುಟದಲ್ಲಿ ಕೋಲಾರ ಜಿಲ್ಲಾ ದಂಡಾಧಿಕಾರಿಯ ಮೊಹರು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೂ ಮುಂಚಿನ ಲೈಸೆನ್ಸ್‌ಗಳೆಲ್ಲ ಕೋಲಾರದವು. ಚಿಂತಾಮಣಿಯಲ್ಲಾಗಲಿ, ಗೌರಿಬಿದನೂರಿನಲ್ಲಾಗಲಿ, ಹಳೇ ಮನೆಗಳ ಪೆಟ್ಟಿಗೆ ತೆರೆದರೆ ಇದೇ ಮೊಹರು ಸಿಗುತ್ತದೆ.

ಈ ಲೇಖನ ಅಂಥ ಮನೆಗಳವರಿಗಾಗಿ. ಲೈಸೆನ್ಸ್ ಇದ್ದು, ನವೀಕರಣದ ದಿನ ಹತ್ತಿರ ಬಂದು, "ಮತ್ತೆ ಓಡಾಡಬೇಕಾ, ಬಿಟ್ಟುಬಿಡೋಣವಾ" ಅಂತ ತಲೆ ಕೆರೆದುಕೊಳ್ಳುತ್ತಿರುವವರಿಗೂ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಬಂದೂಕು ಆಸ್ತಿ, ಲೈಸೆನ್ಸ್ ಆಸ್ತಿಯಲ್ಲ. ಬಂದೂಕು ಮಕ್ಕಳಿಗೆ ಬರುತ್ತದೆ, ಲೈಸೆನ್ಸ್ ಮಾತ್ರ ಯಾರ ಹೆಸರಲ್ಲಿತ್ತೋ ಅವರ ಜೊತೆಗೇ ಹೋಗುತ್ತದೆ. ದೊಡ್ಡಪ್ಪನ ಪುಸ್ತಕದಲ್ಲಿ ಇನ್ನೂ ಏಳು ತಿಂಗಳ ಅವಧಿ ಉಳಿದಿತ್ತು. ದೊಡ್ಡ ಮಗ ಅದನ್ನೇ ತೋರಿಸಿ, "ಅಲ್ಲೀವರೆಗೂ ತೊಂದ್ರೆ ಇಲ್ಲ ಬಿಡು" ಅಂದ. ತೊಂದರೆ ಇತ್ತು. ಅವರು ಕಣ್ಣು ಮುಚ್ಚಿದ ದಿನದಿಂದ ಆ ಎರಡೂ ಬಂದೂಕು ಲೈಸೆನ್ಸ್ ಇಲ್ಲದ ಮನೆಯಲ್ಲಿದ್ದವು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಮೇಲೆ ದಂಡ. ಮುಂಚೆ ಇದು 1ರಿಂದ 3 ವರ್ಷ ಇತ್ತು.

ಹೆದರಿಸಲು ಹೇಳುತ್ತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮು ಇಂಥ ಮನೆಗಳಿಗೆ ದಾರಿ ಇಟ್ಟಿದೆ. ಇಟ್ಟುಕೊಳ್ಳುವ ಹಕ್ಕು ತಪ್ಪಿದ ಬಂದೂಕನ್ನು, ಅದು ಸಾವಿನಿಂದ ಇರಲಿ, ಅವಧಿ ಮುಗಿದು ಇರಲಿ, ಲೈಸೆನ್ಸ್ ರದ್ದಾಗಿ ಇರಲಿ, ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಪಡೆದ ಬಂದೂಕು ವ್ಯಾಪಾರಿಯ ಹತ್ತಿರವೋ ಠೇವಣಿ ಇಡಬೇಕು. ಇಟ್ಟರೆ ಅದು ನಿಮ್ಮದಾಗಿಯೇ ಇರುತ್ತದೆ. ನಿಗದಿತ ಅವಧಿಯೊಳಗೆ ವಾರಸುದಾರ ಲೈಸೆನ್ಸ್ ಮಾಡಿಸಿ ಬಿಡಿಸಿಕೊಳ್ಳಬಹುದು, ಇಲ್ಲವೇ ಮಾರಬಹುದು. ಆ ಅವಧಿಯೂ ಮೀರಿದರೆ ಸರ್ಕಾರಕ್ಕೆ ಸೇರುತ್ತದೆ.

ಇಲ್ಲೊಂದು ಸಣ್ಣ ಜಾಣತನ ಬೇಕು. ಲೈಸೆನ್ಸ್ ಇಲ್ಲದವನು ಬಂದೂಕನ್ನು ಸ್ಕೂಟರಿಗೆ ಕಟ್ಟಿಕೊಂಡು ಠಾಣೆಗೆ ಹೊರಟರೆ ದಾರಿಯಲ್ಲಿ ತಡೆದವರಿಗೆ ಏನು ಹೇಳುತ್ತಾನೆ? ಮೊದಲು ಬರಿಗೈಲಿ ಹೋಗಿ. ಮರಣ ಪತ್ರ, ಲೈಸೆನ್ಸ್ ಪುಸ್ತಕ ತೋರಿಸಿ, ಮನೆಯಲ್ಲಿ ಇಂಥಿಂಥ ನಂಬರಿನ ಬಂದೂಕಿದೆ ಅಂತ ಬರೆದುಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಹೇಗೆ ತರಬೇಕು ಎಂದು ಅವರೇ ಹೇಳಲಿ. ನಮ್ಮ ಮನೆಗೆ ಒಬ್ಬ ಕಾನ್‌ಸ್ಟೇಬಲ್ ಬಂದರು, ಮಜ್ಜಿಗೆ ಕುಡಿದರು, ಜೊತೆಗೇ ಕರೆದುಕೊಂಡು ಹೋದರು.

ಅದಕ್ಕೂ ಮೊದಲು ಇನ್ನೊಂದು ಕೆಲಸ. ಅಟ್ಟದಿಂದ ಇಳಿದ ಬಂದೂಕು ತುಂಬಿದೆಯೋ ಖಾಲಿಯೋ? ಜೋಡಿ ನಳಿಗೆಯದಾದರೆ ಗೊತ್ತಿರುವವರು ನಡು ಮುರಿದು ನೋಡಿದರೆ ಸಾಕು, ಹಿಂಬದಿಯಿಂದ ಬೆಳಕು ಕಾಣುತ್ತದೆ. ಕೇಪಿನ ತುಪಾಕಿಯಲ್ಲಿ ಹಿಂದೆ ತೆರೆಯಲು ಏನೂ ಇಲ್ಲ. ಹಂದಿಗೆಂದು ಜಡಿದಿಟ್ಟು, ಹಂದಿ ಬಾರದೆ ಹಾಗೇ ಮೂಲೆಗಿಟ್ಟ ತುಪಾಕಿಗಳು ಇವೆ. ಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಮದ್ದೇ. ಹಳಬರು ಮಾಡುತ್ತಿದ್ದ ಪರೀಕ್ಷೆ ಇದು: ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಪಕ್ಕದಲ್ಲಿ ನಿಂತು, ಒಂದು ಮರದ ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಡಬೇಕು. ತಳ ಮುಟ್ಟಿದಾಗ ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗೆ ತೆಗೆದು, ನಳಿಗೆಯ ಪಕ್ಕದಲ್ಲೇ ಹಿಡಿದು ನೋಡಬೇಕು. ಕಡ್ಡಿಯ ತುದಿ ಕೇಪು ಕೂರುವ ಜಾಗದ ಹತ್ತಿರಕ್ಕೆ ಬಂದರೆ ಖಾಲಿ. ಎರಡು ಮೂರು ಇಂಚು ಮೇಲೆಯೇ ನಿಂತರೆ ಒಳಗೆ ಏನೋ ಕೂತಿದೆ. ನಮ್ಮದು ಮೂರು ಬೆರಳು ಮೇಲೆ ನಿಂತಿತು. ಜಗಲಿ ಮೇಲಿದ್ದ ಮಕ್ಕಳನ್ನೆಲ್ಲ ಒಳಗೆ ಕಳಿಸಿದೆವು.

ಹಾಗಾದರೆ ಕೆದಕಬೇಡಿ, ನೀರು ಬಿಡಬೇಡಿ, ಕುದುರೆ ಎಳೆದು ನೋಡಬೇಡಿ. ಠಾಣೆಗೆ ಬರೆದುಕೊಡುವ ಕಾಗದದಲ್ಲೇ "ಒಳಗೆ ಮದ್ದಿರುವ ಅನುಮಾನ" ಅಂತ ಬರೆಯಿರಿ. ಡಬ್ಬಿಯಲ್ಲಿ ಕರಿ ಮದ್ದೋ ಹಳೇ ತೋಟಾಗಳೋ ಉಳಿದಿದ್ದರೆ ಒಲೆಗೆ ಹಾಕುವುದಾಗಲಿ, ಬಾವಿಗೆ ಎಸೆಯುವುದಾಗಲಿ ಬೇಡ. ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರುವರಿಯಲ್ಲಿ ಕ್ವಾರಿಯ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದು ಈ ಕಡೆಯವರಿಗೆ ಮರೆಯುವ ಸಂಗತಿಯಲ್ಲ. ಅದು ಬೇರೆ ಜಾತಿಯ ಸ್ಫೋಟಕ, ನಿಜ. ಬಚ್ಚಿಡುವ, ಗುಟ್ಟಾಗಿ ತೊಲಗಿಸುವ ಬುದ್ಧಿ ಎಲ್ಲ ಕಡೆಯೂ ಒಂದೇ.

ಇನ್ನು ಅಸಲು ಪ್ರಶ್ನೆ. ಇಟ್ಟುಕೊಳ್ಳಬೇಕಾ?

ಲೈಸೆನ್ಸ್ ಕೊಡುವ ಕಾನೂನಿನ ತಲೆಯಲ್ಲಿ ಇರುವುದು ಒಂದೇ ಮಾತು: ಯಾಕೆ? 13ನೇ ಕಲಮಿನಲ್ಲಿ ಕಾರಣಗಳನ್ನು ಹೆಸರಿಸಿದ್ದಾರೆ. ರಕ್ಷಣೆಗೆ ಅಥವಾ ಕ್ರೀಡೆಗೆ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನಯವಾದ ಒಳಮೈಯ ಬಂದೂಕು. ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ತುಪಾಕಿ, ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಹಾಕುವ ಬಂದೂಕು. ಇವು ಬಿಟ್ಟು ಪಿಸ್ತೂಲು, ರೈಫಲ್ ಮುಂತಾದವಕ್ಕೆ "ಸಕಾರಣ" ಇದೆ ಎಂದು ನೀವು ಒಪ್ಪಿಸಬೇಕು. ತಾತನ ನೆನಪು, ಗೋಡೆಯ ಮೇಲೆ ಚೆಂದ ಕಾಣುತ್ತೆ, ಊರಲ್ಲಿ ಒಂದು ತೂಕ ಇರುತ್ತೆ ಎನ್ನುವುದು ಈ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ.

ಅಮೆರಿಕದಲ್ಲಿ ಹಳೇ ಬಂದೂಕು ಕೂಡಿಡುವವರಿಗೆಂದೇ ಬೇರೆ ಲೈಸೆನ್ಸ್ ಇದೆ. ಐವತ್ತು ವರ್ಷ ದಾಟಿದ ಬಂದೂಕುಗಳನ್ನು ಸಂಗ್ರಹಕ್ಕೆ ತರಿಸಿಕೊಳ್ಳಲು 30 ಡಾಲರ್ ಕಟ್ಟಿದರೆ ಮೂರು ವರ್ಷಕ್ಕೆ ಕೊಡುತ್ತಾರೆ. ನಮ್ಮ ಕಾನೂನಿನ ದಿಕ್ಕೇ ಬೇರೆ. ಮುಂಚೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. 2019ರ ಡಿಸೆಂಬರ್‌ನಲ್ಲಿ ಅದನ್ನು ಎರಡಕ್ಕೆ ಇಳಿಸಿ, ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಲು ಹೇಳಿದರು. ವಂಶಪಾರಂಪರ್ಯವಾಗಿ ಬಂದರೂ ಎರಡರ ಮಿತಿ ಮಿತಿಯೇ. ಅದೇ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಅಂದರೆ ಇನ್ನು "ಯಾಕೆ" ಎಂಬ ಪ್ರಶ್ನೆ ಐದು ವರ್ಷಕ್ಕೊಮ್ಮೆ ಬರುತ್ತದೆ. ಅಧಿಕಾರಿ ಕೇಳುವ ಮುಂಚೆ ನಾವೇ ಕೇಳಿಕೊಳ್ಳುವುದು ಮೇಲು. ಹಿಂದಿನ ಐದು ವರ್ಷದಲ್ಲಿ ಆ ಬಂದೂಕನ್ನು ಎಷ್ಟು ಸಲ, ಯಾವುದಕ್ಕೆ ಇಳಿಸಿದಿರಿ? ಉತ್ತರ "ಚುನಾವಣೆಗೆ ಠಾಣೆಗೆ ಕೊಡಲು ಎರಡು ಸಲ" ಎಂದಾದರೆ, ನಿಮ್ಮ ನಿರ್ಧಾರ ಮುಕ್ಕಾಲು ಪಾಲು ಆಗಿಹೋಗಿದೆ.

ಕೊಡವರಿಗಿದೆ, ನಮಗ್ಯಾಕಿಲ್ಲ ಎಂದು ಕೇಳುವವರು ಚಹಾದಂಗಡಿಯಲ್ಲಿ ಯಾವಾಗಲೂ ಒಬ್ಬರಿರುತ್ತಾರೆ. ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೊಡವರು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ಹುಟ್ಟು ಸಾವಿಗೂ ಕೋವಿಯ ಸದ್ದು ಬೇಕು. ನಮ್ಮ ತಾಲ್ಲೂಕುಗಳಲ್ಲಿ ಅಂಥ ಪದ್ಧತಿ ಇಲ್ಲ. ಈ ಸೀಮೆಗೆ ಬಂದೂಕಿನ ದೊಡ್ಡ ನೆನಪು ಅಂದರೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಗೋಲಿಬಾರಿನದು, 1938ರ ಏಪ್ರಿಲ್ 25ರದ್ದು. ಬಾವುಟ ಹಾರಿಸಲು ಸೇರಿದ್ದ ಜನರ ಕೈಯಲ್ಲಿ ಅವತ್ತು ಬಂದೂಕಿರಲಿಲ್ಲ, ಎದುರಿಗಿದ್ದವರ ಕೈಯಲ್ಲಿತ್ತು.

ನಮ್ಮ ಕಡೆ ಗಟ್ಟಿ ನಿಲ್ಲುವ ಮೊದಲ ಕಾರಣ ಬೆಳೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಗುಡ್ಡದ ಬುಡದಲ್ಲಿ ಮುಸುಕಿನ ಜೋಳವೋ ಕಡಲೆಕಾಯಿಯೋ ಹಾಕಿದವನಿಗೆ ಕಾಡುಹಂದಿ ಏನು ಎಂದು ಹೇಳಿಕೊಡಬೇಕಿಲ್ಲ. ಒಂದು ರಾತ್ರಿಗೆ ನಾಲ್ಕು ಗುಂಟೆ ಉತ್ತ ಹಾಗೆ ಮಾಡಿ ಹೋಗುತ್ತವೆ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದವನು ಹಂದಿ ಹೊಡೆಯಬಹುದು ಎಂದು ಬಹಳ ಜನ ತಿಳಿದಿದ್ದಾರೆ. ಬಂದೂಕಿನ ಲೈಸೆನ್ಸ್ ಬಂದೂಕು ಇಟ್ಟುಕೊಳ್ಳಲು ಕೊಟ್ಟ ಅನುಮತಿ, ಪ್ರಾಣಿ ಕೊಲ್ಲಲು ಕೊಟ್ಟದ್ದಲ್ಲ. ಅದು ಬೇರೆ ಇಲಾಖೆ, ಬೇರೆ ಕಾಯ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಅದು ಬೆಳೆಗೆ ಅಪಾಯಕಾರಿಯಾಗಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟ ಅರಣ್ಯಾಧಿಕಾರಿಯೋ ಕಾರಣ ಬರೆದು ಲಿಖಿತ ಆದೇಶ ಕೊಟ್ಟರೆ ಮಾತ್ರ ಹೊಡೆಯಬಹುದು. ಬಾಯಿಮಾತಿನ "ಹೊಡ್ಕೊಳ್ಳಪ್ಪಾ" ನಡೆಯುವುದಿಲ್ಲ, ಅದನ್ನು ಯಾರೇ ಹೇಳಿರಲಿ.

ನವಿಲಿನ ವಿಷಯದಲ್ಲಿ ಈ ಬಾಗಿಲೂ ಇಲ್ಲ. ಚಿಂತಾಮಣಿ ಕಡೆಯ ಟೊಮ್ಯಾಟೊ ತೋಟಕ್ಕೆ ಬೆಳಗಿನ ಜಾವ ಇಳಿಯುವ ನವಿಲಿನ ಹಿಂಡು ಹಂದಿಗಿಂತ ಕಡಿಮೆ ನಷ್ಟ ಮಾಡುವುದಿಲ್ಲ, ಆದರೆ ಅದು ಮೊದಲ ಅನುಸೂಚಿಯ ಹಕ್ಕಿ. ಕರಡಿ, ಚಿರತೆಯೂ ಅದರಲ್ಲೇ. ಅವುಗಳ ವಿಷಯದಲ್ಲಿ ಬೆಳೆ ಹಾನಿ ಎಂಬುದು ಕಾನೂನಿಗೆ ಕಾರಣವೇ ಅಲ್ಲ.

ಹಾಗಾದರೆ ಬೆಳೆ ಕಾಯುವ ತುಪಾಕಿಯಿಂದ ಆಗುವುದೇನು? ಸದ್ದು. ಬೆಳೆ ಕಾಯುವವರು ಬಹುಮಟ್ಟಿಗೆ ಬಳಸುವುದೂ ಅದನ್ನೇ. ಕರಿ ಮದ್ದಿನ ಆ ಧಡ್ ಎನ್ನುವ ಸದ್ದಿಗೆ ಹಂದಿ ಎರಡು ಮೂರು ದಿನ ಆ ಕಡೆ ಸುಳಿಯುವುದಿಲ್ಲ, ಆಮೇಲೆ ಅದಕ್ಕೂ ಒಗ್ಗಿಕೊಳ್ಳುತ್ತದೆ. ಆ ಸದ್ದಿಗಾಗಿ ಐದು ವರ್ಷಕ್ಕೊಮ್ಮೆ ಇಷ್ಟು ಕಾಗದ ಹೊರಬೇಕಾ ಎಂಬುದು ನಿಮ್ಮ ಹೊಲ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಅರಣ್ಯದ ಅಂಚಿಗೆ ಹತ್ತಿಕೊಂಡ ಹೊಲ, ರಾತ್ರಿ ಅಟ್ಟಣೆಯಲ್ಲಿ ಮಲಗುವ ಅಭ್ಯಾಸ, ಮನೆಯಲ್ಲಿ ಬಂದೂಕು ಹಿಡಿಯಲು ಕಲಿತ ಒಬ್ಬ ಗಟ್ಟಿ ಆಳು, ಈ ಮೂರೂ ಇದ್ದರೆ ಇಟ್ಟುಕೊಳ್ಳಿ, ಸಂಕೋಚ ಬೇಡ. ಹೊಲ ಗುತ್ತಿಗೆಗೆ ಕೊಟ್ಟು ನೀವು ಯಲಹಂಕದಲ್ಲಿದ್ದರೆ ಬೆಳೆ ರಕ್ಷಣೆಯ ಮಾತು ನಿಮ್ಮ ಬಾಯಲ್ಲಿ ನಿಲ್ಲುವುದಿಲ್ಲ. ಸೋಲಾರ್ ಬೇಲಿ, ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಬೆಳೆ ಹಾನಿಯ ಅರ್ಜಿ, ಇವು ನಿಮಗೆ ಹೆಚ್ಚು ಉಪಯೋಗ. ಕರೆಂಟಿನ ತಂತಿ, ಉರುಳು, ಹಂದಿ ಕಚ್ಚಿದರೆ ಸಿಡಿಯುವ ಮದ್ದಿನ ಉಂಡೆ ಇವುಗಳ ಹತ್ತಿರವೂ ಹೋಗಬೇಡಿ. ದನದ ಬಾಯಿಗೆ ಸಿಕ್ಕಿದರೆ ದನ, ಮಗುವಿನ ಕೈಗೆ ಸಿಕ್ಕಿದರೆ ಮಗು.

ಇನ್ನೊಂದು ಕಷ್ಟ ಚುನಾವಣೆಯದು, ಆಗ ಬಂದೂಕುಗಳನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರೆ. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಚಿಕ್ಕಬಳ್ಳಾಪುರದಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಠಾಣೆಗೆ ಹೋದ ಬಂದೂಕು ಸುಮಾರು ಮೂರು ತಿಂಗಳು ಅಲ್ಲೇ ಇತ್ತು. ಬೋರ್‌ವೆಲ್ ನೀರಲ್ಲಿ ಬೇಸಿಗೆ ಜೋಳ ಹಾಕಿದವನಿಗೆ ಅದೇ ಹಂದಿ ಕಾಲ. ನಿಯಮದಂತೆ ಎಲ್ಲರದನ್ನೂ ಒಟ್ಟಾಗಿ ಕಿತ್ತುಕೊಳ್ಳಬೇಕೆಂದೇನಿಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಂದೊಂದು ಲೈಸೆನ್ಸ್ ನೋಡಿ, ಕ್ರಿಮಿನಲ್ ಹಿನ್ನೆಲೆಯವರು, ಜಾಮೀನಿನ ಮೇಲಿರುವವರು, ಹಿಂದೆ ಗಲಾಟೆಯಲ್ಲಿದ್ದವರು ಇಂಥವರದನ್ನು ತೀರ್ಮಾನಿಸಬೇಕು. ವಿನಾಯಿತಿ ಬೇಕೆಂದರೆ ಪಹಣಿ, ಬೆಳೆ ಇರುವ ಫೋಟೊ, ಹಿಂದಿನ ಹಾನಿಯ ಅರ್ಜಿಯ ಪ್ರತಿ ಇಟ್ಟು ಆ ಸಮಿತಿಗೆ ಮೊದಲೇ ಬರೆಯಿರಿ. ದಕ್ಷಿಣ ಕನ್ನಡದ ಕೃಷಿಕರು ಇದೇ ವಿಷಯಕ್ಕೆ ಹೈಕೋರ್ಟ್ ಮೆಟ್ಟಿಲು ಹತ್ತಿದ್ದಾರೆ. ನಮ್ಮ ಕಡೆ ಅಷ್ಟು ಹಟ ಹಿಡಿದವರನ್ನು ನಾನು ನೋಡಿಲ್ಲ. ಕೇಳಿದ ದಿನ ಚೀಲದಲ್ಲಿ ಸುತ್ತಿ ಕೊಟ್ಟುಬರುವವರೇ ಹೆಚ್ಚು.

ಎರಡನೇ ಕಾರಣ ಹೊಟ್ಟೆಪಾಡು. ಸೈನ್ಯದಿಂದ ಬಂದವರು, ಬೆಂಗಳೂರಿನ ಚಿನ್ನದಂಗಡಿ, ಬ್ಯಾಂಕು, ಹಣ ಸಾಗಿಸುವ ಗಾಡಿಗಳಲ್ಲಿ ಗನ್‌ಮ್ಯಾನ್ ಆಗಿರುವವರು ಇದ್ದಾರೆ. ಇವರಿಗೆ ಲೈಸೆನ್ಸ್ ಬಿಡುವ ಪ್ರಶ್ನೆಯೇ ಇಲ್ಲ. ಒಂದು ಮಾತ್ರ ನೋಡಿಕೊಳ್ಳಿ: ನಿಮ್ಮ ಲೈಸೆನ್ಸ್ ಯಾವ ಪ್ರದೇಶಕ್ಕೆ ಚಾಲ್ತಿ ಎಂದು ಬರೆದಿದೆ? ಜಿಲ್ಲೆಗೆ ಮಾತ್ರ ಎಂದಿದ್ದು ನೀವು ಬೆಂಗಳೂರಲ್ಲಿ ಹೆಗಲಿಗೆ ಹಾಕಿಕೊಂಡರೆ ಕೆಲಸವೂ ಹೋಗುತ್ತೆ, ಲೈಸೆನ್ಸೂ ಹೋಗುತ್ತೆ.

ಕ್ರೀಡೆಗಾಗಿ ಎನ್ನುವವರು ನಮ್ಮಲ್ಲಿ ಬೆರಳೆಣಿಕೆ. ರೈಫಲ್ ಸಂಸ್ಥೆಯ ಸದಸ್ಯತ್ವ, ಸ್ಪರ್ಧೆಯ ದಾಖಲೆ ಇದ್ದರೆ ಅವರ ದಾರಿಯೇ ಬೇರೆ, ಮಿತಿಯೂ ಬೇರೆ. ಅದಿಲ್ಲದೆ "ಸ್ಪೋರ್ಟಿಂಗ್" ಎಂದು ಬರೆಸಿಕೊಂಡವರು ಮುಂದಿನ ನವೀಕರಣಕ್ಕೆ ಉತ್ತರ ಯೋಚಿಸಿಟ್ಟುಕೊಳ್ಳಿ.

ಆತ್ಮರಕ್ಷಣೆಗೆ ಅಂತ ಇಟ್ಟುಕೊಂಡವರಿಗೆ ನನ್ನ ಅಭಿಪ್ರಾಯ ಹಿಡಿಸಲಿಕ್ಕಿಲ್ಲ. ತೋಟದ ಒಂಟಿ ಮನೆ, ನಿಜವಾದ ಬೆದರಿಕೆ, ಠಾಣೆಯಲ್ಲಿ ದೂರು ದಾಖಲಾಗಿರುವುದು, ಇವಿದ್ದರೆ ಸರಿ. ಇಲ್ಲವಾದರೆ ಯೋಚಿಸಿ: ಬಂದೂಕು ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ, ತೋಟಾ ಇನ್ನೊಂದು ಕಡೆ ಬೀಗ ಹಾಕಿ ಇಡಬೇಕು. ಹಾಗೆ ಸರಿಯಾಗಿ ಇಟ್ಟವನಿಗೆ ಕಳ್ಳ ಬಂದ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ. ಕೈಗೆ ಸಿಗುವ ಹಾಗೆ ಇಟ್ಟವನ ಮನೆಯಲ್ಲಿ ಅದು ಮೊದಲು ಸಿಗುವುದು ಮೊಮ್ಮಗನಿಗೆ, ಇಲ್ಲವೇ ಕುಡಿದು ಬಂದ ತಮ್ಮನಿಗೆ. ಜಮೀನಿನ ವ್ಯಾಜ್ಯ ನಡೆಯುತ್ತಿರುವ ಮನೆಯಲ್ಲಂತೂ ಬಂದೂಕು ಇರಲೇಬಾರದು. ಯಾರಾದರೂ ಸಾಲದಿಂದಲೋ ಬೇರೆ ಸಂಕಟದಿಂದಲೋ ಮಂಕಾಗಿ ಕೂತಿದ್ದಾರೆ ಎನ್ನಿಸಿದರೆ ನವೀಕರಣದ ದಿನ ಕಾಯದೆ ಅವತ್ತೇ ಠೇವಣಿ ಇಡಿ. ಕಾರಣ ಬರೆಯಬೇಕಿಲ್ಲ. ಮದುವೆ, ಜಾತ್ರೆಯಲ್ಲಿ ಒಂದು ಹಾರಿಸೋಣ ಎನ್ನುವ ಹುಕಿಯವರಿಗೆ: ಸಂಭ್ರಮದ ಗುಂಡಿನಿಂದ ಬೇರೆಯವರ ಜೀವಕ್ಕೆ ಅಪಾಯವಾಗುವ ಹಾಗೆ ನಡೆದುಕೊಂಡರೆ 2019ರಿಂದ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಉಳಿಸಿಕೊಳ್ಳುವುದಾದರೆ

ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಅರ್ಜಿ ಹಾಕಬೇಕು. ಲೈಸೆನ್ಸ್ ಅಧಿಕಾರಿ ಜಿಲ್ಲಾಧಿಕಾರಿಯೇ, ಜಿಲ್ಲಾ ದಂಡಾಧಿಕಾರಿಯ ಟೋಪಿಯಲ್ಲಿ. ಪೊಲೀಸ್ ವರದಿ ಕೆಳಗಿನ ಠಾಣೆಯಿಂದ ಮೇಲೆ ಹೋಗುತ್ತದೆ. ಕೋಲಾರದ ಮೊಹರಿನ ಹಳೇ ಪುಸ್ತಕ ಇದ್ದವರು ಮೊದಲು ನೋಡಬೇಕಾದದ್ದು ಯುಐಎನ್. ದೇಶದ ಎಲ್ಲ ಲೈಸೆನ್ಸ್‌ಗಳನ್ನೂ ಕಂಪ್ಯೂಟರಿಗೆ ಏರಿಸಿ ಕೊಟ್ಟ ಗುರುತಿನ ಸಂಖ್ಯೆ ಅದು. ಗಡುವು ಹಲವು ಸಲ ಮುಂದೆ ಹೋಯಿತು, ಆದರೆ ಆ ಸಂಖ್ಯೆ ಇಲ್ಲದ ಲೈಸೆನ್ಸ್ ಈಗ ಊರ್ಜಿತವಲ್ಲ. ಪುಸ್ತಕದಲ್ಲಿ ನವೀಕರಣದ ಸೀಲು ಇದೆ, ಯುಐಎನ್ ಇಲ್ಲ ಎನ್ನುವ ಸ್ಥಿತಿ ನಿಮ್ಮದಾದರೆ ಬೇರೆಲ್ಲ ಬಿಟ್ಟು ಮೊದಲು ಡಿಸಿ ಕಚೇರಿಯಲ್ಲಿ ಅದನ್ನು ಇತ್ಯರ್ಥ ಮಾಡಿಸಿ.

ಮಕ್ಕಳ ಹೆಸರಿಗೆ ಮಾಡಿಸುವ ವಿಷಯದಲ್ಲಿ ನಮ್ಮ ಮನೆಯವರು ಮಾಡಿದ ತಪ್ಪು ನೀವು ಮಾಡಬೇಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬಂದೂಕಿನ ಒಡೆಯ ಸಾಯುವವರೆಗೂ ಕಾಯಬೇಕಿಲ್ಲ. ಅವರಿಗೆ 70 ವರ್ಷ ತುಂಬಿದರೆ, ಅಥವಾ ಬಂದೂಕು 25 ವರ್ಷ ಅವರ ಕೈಯಲ್ಲಿದ್ದರೆ, ಯಾವುದು ಮೊದಲೋ ಅವತ್ತಿನಿಂದ ತಾವು ಹೇಳಿದ ವಾರಸುದಾರನ ಹೆಸರಿಗೆ ಲೈಸೆನ್ಸ್ ಕೊಡಿಸಬಹುದು. ದೊಡ್ಡಪ್ಪನಿಗೆ ಎರಡೂ ಆಗಿ ಎಷ್ಟೋ ವರ್ಷವಾಗಿತ್ತು. ಕೇಳಿದಾಗಲೆಲ್ಲ "ನಾನಿನ್ನೂ ಇದೀನಲ್ಲೋ" ಅನ್ನುತ್ತಿದ್ದರು. ಬದುಕಿದ್ದಾಗ ಅವರದೊಂದು ಸಹಿಯಲ್ಲಿ ಮುಗಿಯುತ್ತಿದ್ದದ್ದಕ್ಕೆ ಈಗ ನಾಡಕಚೇರಿಯ ವಂಶವೃಕ್ಷ, ಮರಣ ಪತ್ರ, ಉಳಿದ ಮಕ್ಕಳೆಲ್ಲರ ನಿರಾಕ್ಷೇಪಣೆ ಬೇಕು. ಹೆಣ್ಣುಮಕ್ಕಳದೂ ಸೇರಿ. ಒಬ್ಬಳು ಮಗಳು ಹೈದರಾಬಾದಿನಲ್ಲಿ, ಒಬ್ಬಳು ಮಾತು ಬಿಟ್ಟವಳು.

ಹೊಸದಾಗಿ ಪಡೆಯುವವನಿಗೆ 21 ವರ್ಷ ತುಂಬಿರಬೇಕು. ಮಾನಸಿಕ, ದೈಹಿಕ ಆರೋಗ್ಯ ಸರಿಯಿದೆ, ಮಾದಕ ವಸ್ತುವಿನ ದಾಸನಲ್ಲ ಎಂಬ ವೈದ್ಯರ ಪತ್ರ ಬೇಕು, ಬಂದೂಕು ಸುರಕ್ಷತೆಯ ತರಬೇತಿ ಪತ್ರವೂ ಬೇಕು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದ ಮೇಲೆ ಕಣ್ಣಿಟ್ಟಿರಿ. ವಿಳಾಸ ಬದಲಾದರೆ ತಿಳಿಸಿ. ಸರ್ಕಾರದ ಶುಲ್ಕ ಇದರಲ್ಲಿ ದೊಡ್ಡ ಖರ್ಚೇ ಅಲ್ಲ, ಓಡಾಟದ ದಿನಗೂಲಿ ಲೆಕ್ಕ ಹಾಕಿಕೊಳ್ಳಿ.

ಉಳಿಸಿಕೊಂಡ ಹಳೇ ಬಂದೂಕನ್ನು ಹಾರಿಸುವ ಮುನ್ನ ಒಂದು ಎಚ್ಚರಿಕೆ. ನಳಿಗೆಯ ಮೇಲೆ ತಿರುಚಿದ ಹಗ್ಗದಂಥ, ನೀರಿನ ಸುಳಿಯಂಥ ಗೆರೆ ಕಂಡರೆ ಅದು ಕರಿ ಮದ್ದಿನ ಕಾಲದ ಡಮಾಸ್ಕಸ್ ನಳಿಗೆ. ಇವತ್ತಿನ ಹೊಗೆರಹಿತ ಮದ್ದಿನ ತೋಟಾದ ಒತ್ತಡ ಅದು ತಡೆಯದೆ ಹೋಗಬಹುದು. ಹಳೇ ಇಂಗ್ಲಿಷ್ ಬಂದೂಕುಗಳಲ್ಲಿ ತೋಟಾ ಕೂರುವ ಗೂಡು ಎರಡೂವರೆ ಇಂಚಿನದು, ಈಗಿನ ತೋಟಾ ಅನೇಕ ಸಲ ಎರಡೂಮುಕ್ಕಾಲು. ಒಳಗೆ ಕೂರುತ್ತದೆ, ಬಾಯಿ ಬಿಚ್ಚಿಕೊಳ್ಳಲು ಮಾತ್ರ ಜಾಗ ಇರುವುದಿಲ್ಲ. ಬುಡದಲ್ಲಿ ನೈಟ್ರೋ ಪ್ರೂಫ್ ಮುದ್ರೆ ಇದೆಯೇ ಎಂದು ಬಂದೂಕು ರಿಪೇರಿಯವರ ಹತ್ತಿರ ಓದಿಸಿ.

ಬಿಡುವುದಾದರೆ

ಬಿಡುವುದು ಅಂದರೆ ಬಿಸಾಡುವುದಲ್ಲ. ಖಾಸಗಿಯವರು ವಿದೇಶಿ ಬಂದೂಕು ತರಿಸುವುದು 1980ರ ದಶಕದಲ್ಲೇ ಬಹುಮಟ್ಟಿಗೆ ನಿಂತಿತು. ಹಾಗಾಗಿ ನಳಿಗೆಯ ಮೇಲೆ ಗ್ರೀನರ್, ವೆಬ್ಲಿ ಆ್ಯಂಡ್ ಸ್ಕಾಟ್ ಎಂಬ ಹೆಸರು ಕೆತ್ತಿದ ಬರ್ಮಿಂಗ್‌ಹ್ಯಾಮಿನ ಬಂದೂಕು ನಿಮ್ಮಲ್ಲಿದ್ದರೆ ಮೊದಲು ಕೇಳಿದವರಿಗೆ ಕೊಟ್ಟುಬಿಡಬೇಡಿ, ಎರಡು ಮೂರು ಕಡೆ ಬೆಲೆ ಕೇಳಿ. ಸರ್ಕಾರಿ ಕಾರ್ಖಾನೆಯ 12 ಬೋರ್‌ಗೆ ಅಷ್ಟು ಬೇಡಿಕೆ ಇಲ್ಲ. ಮಾರುವುದು ಲೈಸೆನ್ಸ್ ಇದ್ದವರಿಗೆ ಮಾತ್ರ. ವ್ಯಕ್ತಿಗೆ ಮಾರುವುದಾದರೆ ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಬರಹದಲ್ಲಿ ತಿಳಿಸಿ 45 ದಿನ ಕಳೆದ ಮೇಲೆ. "ನಮ್ಮ ಷಡ್ಡಕ, ನಂಬಿಕಸ್ಥ" ಎಂದು ಕೊಟ್ಟರೆ ಇಬ್ಬರೂ ಒಟ್ಟಿಗೇ ಕೋರ್ಟಿಗೆ ಅಲೆಯುತ್ತೀರಿ.

ನೆನಪಿಗೆ ಮನೆಯಲ್ಲೇ ಇರಲಿ ಎನ್ನುವವರಿಗೂ ದಾರಿ ಇದೆ. ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂಥ ಹಳೇ ಮಾದರಿಯ ಅಥವಾ ಕೆಟ್ಟುಹೋದ ಆಯುಧಕ್ಕೆ ಶಸ್ತ್ರಾಸ್ತ್ರ ಕಾಯ್ದೆ ಅನ್ವಯವಾಗುವುದಿಲ್ಲ ಎಂದೇ ಅದರ 45ನೇ ಕಲಮು ಹೇಳುತ್ತದೆ. 2020ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಇನ್ನೊಂದು ಹೆಜ್ಜೆ ಇಟ್ಟು, ಕ್ಯೂರಿಯೋ, ಅಂದರೆ ಅಪರೂಪದ ಹಳೇ ವಸ್ತುವಿನ ವರ್ಗಕ್ಕೆ ಸೇರುವ ಸಣ್ಣ ಶಸ್ತ್ರಗಳನ್ನು ಇಟ್ಟುಕೊಳ್ಳಲು ಭಾರತೀಯರಿಗೆ ಲೈಸೆನ್ಸ್ ಬೇಡ ಎಂದಿತು. ಬಳಸಲು, ಜೊತೆಗೆ ಒಯ್ಯಲು, ಸಾಗಿಸಲು ಮಾತ್ರ ಬೇಕು. ಲೈಸೆನ್ಸಿನಲ್ಲಿ ನಮೂದಿಲ್ಲದೆ ತೋಟಾ ಕೊಡುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ಅಟ್ಟದಲ್ಲಿರುವುದು ಕ್ಯೂರಿಯೋ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ನೀವಲ್ಲ. "ಇದು ತುಂಬಾ ಹಳೇದು ಸಾರ್" ಎಂಬುದು ವಾದವಾಗುತ್ತದೆ, ದಾಖಲೆಯಾಗುವುದಿಲ್ಲ. ಠೇವಣಿ ಇಟ್ಟ ಮೇಲೆ ಡಿಸಿಗೆ ಬರೆದು ಲಿಖಿತ ಉತ್ತರ ಪಡೆದು ಆಮೇಲೆ ಗೋಡೆಗೆ ಮೊಳೆ ಹೊಡೆಯಿರಿ. ನೂರು ವರ್ಷ ದಾಟಿದ್ದರೆ ಅದು 1972ರ ಪುರಾವಸ್ತು ಕಾಯ್ದೆಯ ಲೆಕ್ಕಕ್ಕೂ ಬರಬಹುದು, ಆಗ ವಿದೇಶದಲ್ಲಿರುವ ಮಗ ನೆನಪಿಗೆಂದು ಸೂಟ್‌ಕೇಸಿನಲ್ಲಿ ಒಯ್ಯುವಂತಿಲ್ಲ.

ನಮ್ಮ ಮನೆಯ ತೀರ್ಮಾನ ಎರಡು ಸಲ ಜಗಳವಾಗಿ ಹೀಗೆ ನಿಂತಿತು. ಜೋಡಿ ನಳಿಗೆಯದನ್ನು ಬೆಂಗಳೂರಿನ ವ್ಯಾಪಾರಿಗೆ ಮಾರುವುದು, ಯಾಕೆಂದರೆ ಮೂವರು ಮಕ್ಕಳಲ್ಲಿ ರಾತ್ರಿ ಹೊಲದಲ್ಲಿ ಮಲಗುವವರು ಯಾರೂ ಇಲ್ಲ. ಕೇಪಿನ ತುಪಾಕಿಗೆ ಡಿಸಿಗೆ ಅರ್ಜಿ ಹಾಕಿದ್ದೇವೆ. ತೋಟಾ ಸಿಕ್ಕಿಸುವ ಚರ್ಮದ ಪಟ್ಟಿಗೆ ಯಾವ ಲೈಸೆನ್ಸೂ ಬೇಡ, ಅದನ್ನು ದೊಡ್ಡಮ್ಮ ದೇವರ ಮನೆಯ ಗೂಟಕ್ಕೆ ತಗುಲಿಸಿದ್ದಾರೆ.

ಠೇವಣಿ ಇಡುವ ದಿನದ ಬಗ್ಗೆ ಒಂದು ಮಾತು. ಹಿಂದೊಮ್ಮೆ ಚುನಾವಣೆ ಮುಗಿದ ಮೇಲೆ ಒಂದು ಠಾಣೆಯಿಂದ ಈ ಜೋಡಿ ನಳಿಗೆ ವಾಪಸ್ ಬಂದಾಗ ಮರದ ಹಿಡಿ ಬುಡದಲ್ಲಿ ಸೀಳಿತ್ತು. ಕೊಟ್ಟಾಗ ಹೇಗಿತ್ತು ಎಂಬುದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ರಶೀದಿಯಲ್ಲಿ "ಬಂದೂಕು–1" ಅಂತ ಅಷ್ಟೇ ಬರೆದಿತ್ತು. ಆದ್ದರಿಂದ ಕೊಡುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ರಶೀದಿಯಲ್ಲಿ ತಯಾರಕರ ಹೆಸರು, ಬೋರ್, ನಳಿಗೆಯ ನಂಬರು, ಸ್ಥಿತಿ, ತೋಟಾ ಎಷ್ಟು, ಎಲ್ಲ ಬರೆಸಿ. ಆ ನಂಬರು ಸಾಮಾನ್ಯವಾಗಿ ನಳಿಗೆಯ ಅಡಿಯಲ್ಲಿ, ಮುಂದಿನ ಮರದ ತುಂಡು ಬಿಚ್ಚಿದರೆ ಕಾಣುವ ಕಡೆ ಇರುತ್ತದೆ. ಎಣ್ಣೆ, ದೂಳು ಕೂತು ಮುಚ್ಚಿರುತ್ತದೆ. ಒಂದು ಹಳೇ ಬಟ್ಟೆ ಜೊತೆಗೆ ಒಯ್ಯಿರಿ, ಒರೆಸಿ, ಒಂದೊಂದೇ ಅಂಕಿ ಗಟ್ಟಿಯಾಗಿ ಓದಿ ಹೇಳಿ, ಬರೆಯುವವರು ಬರೆದದ್ದನ್ನು ನೋಡಿ, ಆಮೇಲೆ ಸಹಿ ಹಾಕಿ.